ಗಂಗೊಳ್ಳಿಯಲ್ಲಿ ಆನ್ ಆಗದ ಲ್ಯಾಪ್‌ಟಾಪ್

ಲ್ಯಾಪ್‌ಟಾಪ್ ಆನ್ ಆಗುತ್ತಿಲ್ಲ ಎಂದು ಯಾರಿಗಾದರೂ ಹೇಳಿ ನೋಡಿ. ಶಾಲೆಗೆ ಹೋಗುವ ಪುಟ್ಟ ಮಕ್ಕಳಿಂದ ಹಿಡಿದು ಹಲ್ಲಿಲ್ಲದ ಅಜ್ಜಿಯ ತನಕ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಚಾರ್ಜ್ ಹಾಕಿದ್ದೀಯಾ?

ಹಾಕಿದ್ದೇನೆ ಮಾರಾಯ್ರೆ! ಹಾಕಿದ್ದೇನೆ, ತೆಗೆದಿದ್ದೇನೆ, ಮತ್ತೆ ಹಾಕಿದ್ದೇನೆ. ಬೆರಳು ಬೆಳ್ಳಗಾಗುವ ತನಕ ಬಟನ್ ಒತ್ತಿ ಹಿಡಿದಿದ್ದೇನೆ. ದೀಪ ಹೊತ್ತುತ್ತದೆ, ಒಳಗೆ ಫ್ಯಾನು ಗುಂಯ್ ಎನ್ನುತ್ತದೆ, ಪರದೆ ಮಾತ್ರ ಕಪ್ಪು. ಅದರಲ್ಲಿ ಕಾಣುವುದು ನನ್ನದೇ ಸಿಟ್ಟಿನ ಮುಖ.

ಹೀಗಿರುವಾಗ ಕುಂದಾಪುರದ ಆ ಸರ್ವಿಸ್ ಅಂಗಡಿಯ ಮನುಷ್ಯ, ನಾನು ಬ್ಯಾಗಿನ ಜಿಪ್ ಎಳೆಯುವ ಮೊದಲೇ, ತಲೆಯನ್ನೂ ಎತ್ತದೆ ಕೇಳಿದ.

"ಚಾರ್ಜ್ ಹಾಕಿದ್ರ್ಯಾ?"

"ಇಲ್ಲೆ," ಎಂದೆ. "ಒಲಿ ಮೇಲ್ ಇಟ್ಟ್ ಬೇಯ್ಸಿ ಕಂಡೆ. ಆನ್ ಆಯ್ಲಿಲ್ಲ."

ಆಗ ತಲೆ ಎತ್ತಿದ. ಹಣೆಯ ಮೇಲೆ ಸಿಕ್ಕಿಸಿಕೊಂಡ ಸಣ್ಣ ಟಾರ್ಚು ನೇರ ನನ್ನ ಕಣ್ಣಿಗೇ ಬಡಿಯಿತು. ಗಡಿಬಿಡಿಯಲ್ಲಿ ಅದನ್ನು ಆರಿಸಿ, ಕಣ್ಣು ಕಿರಿದಾಗಿಸಿ ನೋಡಿ, ತುಟಿಯ ಒಂದೇ ಬದಿಯಲ್ಲಿ ನಕ್ಕ. ಆ ಅರ್ಧ ನಗೆಯನ್ನು ಕಂಡರೆ ನನಗೆ ಆಗಲೇ ಇಲ್ಲ. ಮನೆಗೆ ಹೋಗುವ ತನಕ ನೆನಪಿತ್ತು ಎನ್ನುವುದು ಬೇರೆ ಮಾತು.

ಅವನು ಲ್ಯಾಪ್‌ಟಾಪನ್ನು ಕೌಂಟರಿನ ಮೇಲಿಟ್ಟು ಬಟನ್ ಒತ್ತಿದ. ಟಿಣ್ ಎಂದಿತು. ಪರದೆ ಬೆಳಗಿತು. ನಾನು ಹಾಕಿಟ್ಟಿದ್ದ ಗಂಗೊಳ್ಳಿ ಬಂದರಿನ ಫೋಟೋ, ಸಾಲು ದೋಣಿಗಳ ಸಮೇತ, ನಗುತ್ತಾ ಬಂದು ನಿಂತಿತು.

"ಸಮ ಇತ್ತಲೆ," ಎಂದ.

"ಮನಿಯಂಗೆ ಆನ್ ಆತಿಲ್ಲೆ!"

"ಇಲ್ಲಿ ಆತ್ತಲೆ."

ಏನು ಹೇಳುವುದು? ಗಂಗೊಳ್ಳಿಯ ದಡದಲ್ಲಿ ನಿಂತರೆ ಕುಂದಾಪುರ ಹೊಳೆಯಾಚೆ ಕಣ್ಣೆದುರೇ ಕಾಣುತ್ತದೆ. ಬಸ್ಸು ಹತ್ತಿದರೆ ತ್ರಾಸಿ, ಹೆಮ್ಮಾಡಿ ಎಂದು ಊರೆಲ್ಲ ಸುತ್ತಿ ಬರಬೇಕು. ಅಷ್ಟು ದೂರ ಬ್ಯಾಗನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದದ್ದು ಒಂದು ಬಟನ್ ಒತ್ತಿಸಿಕೊಳ್ಳುವುದಕ್ಕೆ.

ಮನೆಗೆ ಹೋದೆ. ಕಿಟಕಿಯ ಮೂಲೆಯಲ್ಲಿ ಇಟ್ಟು, ಮುಚ್ಚಳ ತೆರೆದು, ಬಟನ್ ಒತ್ತಿದೆ. ದೀಪ. ಗುಂಯ್. ಕಪ್ಪು.

*

ನನ್ನ ಹೆಸರು ಸುಪ್ರೀತಾ. ಮಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಕಂಪನಿ ಬಾಗಿಲು ಹಾಕಿದ ಮೇಲೆ ಊರಿಗೆ ಬಂದಿದ್ದೆ. ಅಪ್ಪಯ್ಯ ಚಂದಯ್ಯ ಐಸ್ ಪ್ಲಾಂಟಿನಲ್ಲಿ ಮ್ಯಾನೇಜರ್. ಮಾತು ಕಡಿಮೆ, ಆಡಿದ್ದನ್ನು ಬದಲಿಸುವುದು ಇನ್ನೂ ಕಡಿಮೆ. ರೈಲಿನಲ್ಲಿ ಒಂದು ರಾತ್ರಿಯ ದೂರದ ಡೊಂಬಿವಿಲಿಯಲ್ಲಿರುವ ಸ್ವರ್ಣಲತಾ ಚಿಕ್ಕಮ್ಮ ನನಗೆಂದು ಒಂದು ಕ್ಲಿನಿಕ್ಕಿನಲ್ಲಿ ಕೆಲಸ ನೋಡಿಟ್ಟಿದ್ದಳು. ಕೆಲಸದ ಬೆನ್ನಿಗೇ ಒಬ್ಬ ಗಂಡನ್ನೂ ನೋಡಿಟ್ಟಿದ್ದಾಳೆ ಎಂದು ಅಮ್ಮನ ಬಾಯಿಂದ ಹೊರಬಿದ್ದಿತ್ತು.

ನನಗೆ ಹೋಗಲು ಮನಸ್ಸಿರಲಿಲ್ಲ. ಅಷ್ಟರಲ್ಲಿ ಮನೆಯಲ್ಲೇ ಕೂತು ಮಾಡುವ ಕೆಲಸವೊಂದು ಸಿಗುವ ಹಾಗಾಯಿತು. ಹಿಂದಿ ವೆಬ್ ಸೀರೀಸಿಗೆ ಕನ್ನಡ ಸಬ್‌ಟೈಟಲ್ ಬರೆಯುವುದು. ಮೊದಲು ಪರೀಕ್ಷೆಗೆಂದು ಒಂದಿಷ್ಟು ಕಂತು ಕೊಟ್ಟಿದ್ದರು. ಅಕ್ಷರ ಕೂರಿಸಿದ ವಿಡಿಯೋ ಶನಿವಾರ ಸಂಜೆ ಆರರೊಳಗೆ ಅವರಿಗೆ ಸೇರಬೇಕು. ಅಪ್ಪಯ್ಯ ಹೇಳಿದ್ದು ಇಷ್ಟೇ: "ಶನಿವಾರ ಕಳ್ಸಿದ್ಯಾ, ಇಲ್ಲೇ ಇರ್. ಆಯ್ಲಿಲ್ಯಾ, ಚಿಕ್ಕಮ್ಮನ್ ಮನಿಗ್ ಹೋಪುದ್. ಮನಿಯಂಗ್ ಸುಮ್ನೆ ಕೂಕಂಬುದ್ ಬ್ಯಾಡ."

ನಾನು ಹೂಂ ಎಂದುಬಿಟ್ಟಿದ್ದೆ. ಲ್ಯಾಪ್‌ಟಾಪ್ ಹೀಗೆ ಕೈ ಕೊಡುತ್ತದೆಂದು ಯಾರಿಗೆ ಗೊತ್ತಿತ್ತು?

ಹಾಗಾಗಿ ಮತ್ತೆ ಬಸ್ಸು, ಮತ್ತೆ ಅದೇ ಅಂಗಡಿ. ಆ ಮನುಷ್ಯನ ಹೆಸರು ಕೀರ್ತನ್, ಮನೆ ತೆಕ್ಕಟ್ಟೆಯಲ್ಲಿ. ಸ್ಕ್ರೂ ಬಿಚ್ಚಿದ, ಧೂಳು ಹೊಡೆದ, ಒಳಗಿನ ಪಟ್ಟಿಯೊಂದನ್ನು ತೆಗೆದು ಉಜ್ಜಿ ಹಾಕಿದ. ಹಾಕುವ ಮೊದಲೂ ಆನ್ ಆಗುತ್ತಿತ್ತು, ಹಾಕಿದ ಮೇಲೂ ಆಯಿತು.

"ಒಂದ್ ಗಂಟಿ ಇಲ್ಲೇ ಓಡ್ಲಿ, ಕಾಂಬ," ಎಂದು ಸ್ಟೂಲು ಒರೆಸಿ ಕೊಟ್ಟ. "ಕೂಕಣಿ. ಕೆಲ್ಸ ಮಾಡ್ಕಣಿ."

ಕೂತೆ. ಇನ್ನೇನು ಮಾಡಲಿ? ಸಬ್‌ಟೈಟಲ್ ಬರೆಯುವಾಗ ಸಾಲನ್ನು ಬಾಯಿಬಿಟ್ಟು ಹೇಳಿ ನೋಡುವುದು ನನ್ನ ಅಭ್ಯಾಸ. ಪಾತ್ರ ಬಾಯಿ ಮುಚ್ಚುವುದರೊಳಗೆ ಓದಿ ಮುಗಿಯಬೇಕಲ್ಲ. ಹಾಗಾಗಿ ಮೊಬೈಲ್ ಗ್ಲಾಸು ಬದಲಿಸಲು ಬಂದ ಗಿರಾಕಿಗಳ ಮಧ್ಯೆ ಕೂತು ನಾನು, "ನೀನಿಲ್ಲದ ಈ ಜಗತ್ತಿನಲ್ಲಿ ನನಗೇನಿದೆ?" ಎಂದೆ. ಉದ್ದವಾಯಿತು. "ನೀನಿಲ್ಲದೆ ನನಗೇನಿದೆ?" ಎಂದೆ. ಗಿರಾಕಿಯೊಬ್ಬರು ಅಂಗಡಿಯ ಬಾಗಿಲಲ್ಲೇ ನಿಂತುಬಿಟ್ಟರು.

ಕೀರ್ತನ್ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಕೇಳಿದ. "ಹಾಂಗೆಲ್ಲ ಯಾರ್ ಹೇಳ್ತ್ರ್?"

"ಹಿಂದಿಯರ್ ಹೇಳ್ತ್ರ್."

"ನಮ್ಮೂರರ್ ಹೇಳುದಿಲ್ಲೆ."

"ನಮ್ಮೂರ್ ಗಂಡ್ಸ್ರ್ ಎಂತ ಹೇಳ್ತ್ರ್ ಹಂಗಾರೆ?"

"ಎಂತದೂ ಹೇಳುದಿಲ್ಲೆ. ಬಸ್ ಸ್ಟ್ಯಾಂಡ್ ತನ್ಕ ಬಂದ್ ನಿಂತ್ಕಂತ್ರ್."

ಅದನ್ನು ಹೇಳಿ ತಾನೇ ನಾಚಿ, ಬಿದ್ದಿರದ ಸ್ಕ್ರೂವೊಂದನ್ನು ಹುಡುಕಲು ಕೌಂಟರಿನ ಕೆಳಗೆ ಬಗ್ಗಿದ. ಸಂಜೆ ನಾನು ಹೊರಟಾಗ, "ನಂಗೂ ಆ ಬದಿಗೆ ಕೆಲ್ಸ ಇತ್ತ್," ಎಂದು ಬ್ಯಾಗು ಎತ್ತಿಕೊಂಡು ಬಸ್ ಸ್ಟ್ಯಾಂಡಿನ ತನಕ ಬಂದ. ಬಸ್ಸು ಹೊರಡುವ ತನಕ ನಿಂತ. ಕಿಟಕಿಯ ಪಕ್ಕ ಕೂತ ನಾನು ಅವನನ್ನು ನೋಡಲೇ ಇಲ್ಲ. ನೋಡಲಿಲ್ಲ ಎಂದು ಅವನಿಗೆ ಗೊತ್ತಾಗಲಿ ಎಂದು ಆಗಾಗ ತಿರುಗುತ್ತಿದ್ದೆ, ಅಷ್ಟೇ.

ಮನೆಗೆ ಬಂದರೆ ಮತ್ತೆ ಕಪ್ಪು. ಮರುದಿನ ಮತ್ತೆ ಬಸ್ಸು. ಬಸ್ಸಿನ ಕಂಡಕ್ಟರ್ ಕೂಡ ಈಗ ಕೇಳುತ್ತಿದ್ದ: "ಎಂತ ಅಕ್ಕ, ಇನ್ನೂ ಆನ್ ಆಯ್ಲಿಲ್ಯಾ?"

ಸಿಟ್ಟು ಬರುತ್ತಿತ್ತು, ನಿಜ. ಆದರೆ ಸಿಟ್ಟು ಬಂದವರು ತಲೆಗೆ ಮಲ್ಲಿಗೆ ಮುಡಿದುಕೊಂಡು ಹೋಗುತ್ತಾರೆಯೇ? ನಾನು ಹೋಗುತ್ತಿದ್ದೆ.

*

ಗುರುವಾರ ಎಲ್ಲ ಹಾಳಾಯಿತು. ಅಂಗಡಿ ಇನ್ನೂ ನಾಲ್ಕು ಹೆಜ್ಜೆ ದೂರವಿರುವಾಗಲೇ ಪಕ್ಕದ ಜ್ಯೂಸ್ ಅಂಗಡಿಯ ಕೌಶಲ್ ಕೂಗಿದ್ದು ಕೇಳಿತು. "ಹ್ವಾಯ್ ಕೀರ್ತನಾ, ನಿನ್ನ್ ಆನ್ ಆಗ್ದಿದ್ದರ್ ಬಂದ್ರ್ ಕಾಣ್! ಸ್ಟೂಲ್ ಒರ್ಸ್!"

ಓಹೋ. ನನಗೆ ಹೆಸರೂ ಇಟ್ಟಾಗಿದೆ. ನಾನು ಒಳಗೆ ಹೋಗಿ ಬ್ಯಾಗನ್ನು ಧಡಕ್ಕನೆ ಇಟ್ಟೆ. ಕೀರ್ತನನ ಕಿವಿ ಕೆಂಪಾಗಿತ್ತು. ಬಟನ್ ಒತ್ತಿದ, ಟಿಣ್ ಎಂದಿತು. ನನ್ನ ಕಡೆ ನೋಡದೆ, ಮೆಲ್ಲಗೆ, "ಇದ್ರಂಗ್ ಎಂತದೂ ಹಾಳಿಲ್ಲೆ," ಎಂದ. "ನಿಮ್ಗೆ ಇಲ್ಲಿಗ್ ಬಪ್ಪುಕೆ ಲ್ಯಾಪ್‌ಟಾಪೇ ಬೇಕಂತಿಲ್ಲೆ. ಸುಮ್ನೆ ಬಂದ್ರೂ ಆತ್ತ್."

ಈಗ ಕೂತು ಯೋಚಿಸಿದರೆ ಆ ಮಾತಿನಲ್ಲಿ ಎಷ್ಟು ಪ್ರೀತಿಯಿತ್ತು ಎಂದು ತಿಳಿಯುತ್ತದೆ. ಆಗ ನನಗೆ ಕೇಳಿಸಿದ್ದು ಬೇರೆಯೇ. ಹಾಳಾಗದ ಲ್ಯಾಪ್‌ಟಾಪ್ ಹೊತ್ತುಕೊಂಡು, ಸುಳ್ಳು ಹೇಳಿಕೊಂಡು, ಗಂಡಸರ ಮುಖ ನೋಡಲು ಬರುವವಳು ನಾನು!

"ನಾನ್ ಸುಳ್ಳ್ ಹೇಳ್ತಿದ್ನಾ?"

"ಹಾಂಗಲ್ಲ..."

"ನೀವೇ ಎಂತದೋ ಬಾಕಿ ಇಟ್ಟ್ ಕಳ್ಸುದ್! ನಾನ್ ಮತ್ತೆ ಬರ್ಲಿ ಅಂದೇಳಿ! ಊರಿಗೆಲ್ಲ ಹೇಳ್ಕಂಡ್ ನೆಗಾಡ್ತ್ರಿ!"

"ನಾನ್ ಯಾರಿಗೂ ಹೇಳ್ಲಿಲ್ಲ, ದೇವ್ರಾಣಿ..."

ಅವನು ಮುಂದೆ ಏನು ಹೇಳಿದನೋ, ನಾನು ಆಗಲೇ ರಸ್ತೆಯಲ್ಲಿದ್ದೆ. ಬಸ್ಸಿನಲ್ಲಿ ಮಲ್ಲಿಗೆಯನ್ನು ಕಿತ್ತು ಬ್ಯಾಗಿಗೆ ತುರುಕಿದೆ. ಇನ್ನು ಆ ಅಂಗಡಿಯ ಮೆಟ್ಟಿಲು ಹತ್ತಿದರೆ ಕೇಳಿ ಎಂದುಕೊಂಡೆ. ಕೊನೆಯ ಕಂತು ಅರ್ಧಕ್ಕೆ ನಿಂತಿತ್ತು. ಅಷ್ಟು ದಿನ ಮಾಡಿದ ಕೆಲಸವೆಲ್ಲ ಆ ಕಪ್ಪು ಪರದೆಯ ಒಳಗೇ ಇತ್ತು.

ಶುಕ್ರವಾರ ಇಡೀ ದಿನ ಲ್ಯಾಪ್‌ಟಾಪಿನ ಎದುರು ಕೂತು ಒತ್ತಿದೆ, ಬೈದೆ, ಒತ್ತಿದೆ. ಅಮ್ಮ ಪ್ರಭಾವತಿ ಅದರ ಮೇಲೆ ದೇವರ ಪ್ರಸಾದದ ಹೂವಿಟ್ಟಳು. ಅದಕ್ಕೂ ಬಗ್ಗಲಿಲ್ಲ.

ಶನಿವಾರ ಮಧ್ಯಾಹ್ನ ನಾನು ಊಟವನ್ನೂ ಬಿಟ್ಟು ಕೂತಿದ್ದಾಗ ಅಮ್ಮ ಹಿತ್ತಲಲ್ಲಿ ಬಂಗುಡೆ ಕೊಯ್ಯುತ್ತಾ ಫೋನಿನಲ್ಲಿ ಮಾತಾಡುವುದು ಕೇಳಿತು. ನನ್ನ ಬ್ಯಾಗಿಗೆ ಅಂಗಡಿಯವರು ಅಂಟಿಸಿದ್ದ ಸ್ಟಿಕ್ಕರಿನಿಂದ ನಂಬರು ತೆಗೆದುಕೊಂಡಿದ್ದಳು.

"ಹ್ವಾಯ್, ಗಂಗೊಳ್ಳಿಂದ ಮಾತಾಡುದ್. ಸುಪ್ರೀತನ್ ಅಮ್ಮ. ಒಂದ್ಸಲ ಬಂದ್ ಹೋಯ್ನಿ ಮಗಾ. ಇವತ್ತ್ ಸಂಜಿಯೊಳಗ್ ಅದ್ ಸಮ ಆಯ್ಲಿಲ್ಲ ಅಂದ್ರೆ ಹೆಣ್ಣ್ ಡೊಂಬಿವಿಲಿಗ್ ಹೋತ್ತ್. ಅಲ್ಲೇ ಮದ್ವಿಯೂ ಮಾಡ್ತ್ರ್ ಕಾಂತತ್ತ್."

"ಅಮ್ಮಾ!" ಎಂದು ನಾನು ಓಡುವಷ್ಟರಲ್ಲಿ ಫೋನು ಇಟ್ಟಾಗಿತ್ತು.

"ಎಂತ ಅಂದ್ರ್?"

"ಎಂತದೂ ಹೇಳ್ಲಿಲ್ಲ. ಅಂಗಡಿ ಶಟರ್ ಎಳ್ದ್ ಸದ್ದ್ ಕೇಣ್ತ್."

*

ಬೈಕಿನಲ್ಲಿ ಬಂದ. ತಲೆಕೂದಲು ಗಾಳಿಗೆ ನೆಟ್ಟಗಾಗಿತ್ತು. ಅಮ್ಮ ಬೆಲ್ಲ, ನೀರು ತಂದಿಟ್ಟಳು. ಅವನು ಬೆಲ್ಲವನ್ನು ಮುಟ್ಟದೆ ನನ್ನನ್ನೇ ನೋಡಿದ. ಈ ಸಲ ತುಟಿಯಲ್ಲಿ ಅರ್ಧ ನಗೆಯೂ ಇರಲಿಲ್ಲ.

"ಡೊಂಬಿವಿಲಿದ್ದ್ ನಂಗೆ ಎಂತಕೆ ಹೇಳ್ಲಿಲ್ಲ?"

"ನೀವ್ ಕೇಂಡ್ರ್ಯಾ? ನೀವ್ ಕೇಂಬುದ್ ಒಂದೇ. ಚಾರ್ಜ್ ಹಾಕಿದ್ರ್ಯಾ!"

ಅವನು ತೆಪ್ಪಗೆ ಲ್ಯಾಪ್‌ಟಾಪಿನ ಎದುರು ಕೂತ. ಬಟನ್ ಒತ್ತಿದ. ದೀಪ. ಗುಂಯ್. ಕಪ್ಪು.

ಹೇಳುತ್ತೇನೆ ಕೇಳಿ, ಅಷ್ಟು ಕಷ್ಟದಲ್ಲೂ ನನಗೆ ಖುಷಿಯಾಯಿತು. "ಕಂಡ್ರ್ಯಾ? ಕಂಡ್ರ್ಯಾ ಈಗ? ನಾನ್ ಸುಳ್ಳ್ ಹೇಳುದ್ ಅಲ್ದಾ?"

"ನೀವ್ ಸುಳ್ಳ್ ಹೇಳ್ತ್ರಿ ಅಂದೇಳಿ ನಾನ್ ಯಾವತ್ತೂ ಹೇಳ್ಲಿಲ್ಲ ಮಾರಾಯ್ತಿ!" ಅವನಿಗೂ ಈಗ ಸಿಟ್ಟು ಬಂದಿತ್ತು. ಅವನ ಸಿಟ್ಟನ್ನು ನಾನು ನೋಡಿದ್ದು ಅದೇ ಮೊದಲು. ಚಂದವಿತ್ತು.

ಬೇರೆ ಚಾರ್ಜರ್ ಹಾಕಿದ. ಬೇರೆ ಪ್ಲಗ್ ಪಾಯಿಂಟಿಗೆ ವಯರು ಎಳೆದ. ಮನೆಯ ಕರೆಂಟನ್ನೇ ಮೀಟರ್ ಹಿಡಿದು ನೋಡಿದ. ನನ್ನ ಮೂಲೆಯಲ್ಲಿ ಮಂಡಿಯೂರಿ, ಬೆವರಿಳಿಸಿಕೊಂಡು, "ಇದೆಂತ ಕರ್ಮ, ನಮ್ಮ್ ಅಂಗಡಿಯಂಗ್ ಎಂತಕ್ ಆತ್ತ್?" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಗಡಿಯಾರ ಮಾತ್ರ ಯಾವ ರಿಪೇರಿಯೂ ಬೇಡದೆ ಓಡುತ್ತಿತ್ತು.

ಅಷ್ಟರಲ್ಲಿ ಅಪ್ಪಯ್ಯ ಬಂದರು. ಪರವೂರಿನ ಗಂಡಸೊಬ್ಬ ಮಗಳ ಪಕ್ಕ ನೆಲದಲ್ಲಿ ಕೂತಿರುವುದನ್ನು ಮೇಲಿಂದ ಕೆಳಗೆ ನೋಡಿದರು. ಆದರೆ ಅವರ ತಲೆಯಲ್ಲಿ ಬೇರೆ ಚಿಂತೆಯಿತ್ತು.

"ಏಳಿ, ಏಳಿ. ಸ್ಪೀಕರ್ ಬೇಕ್. ಇವತ್ತಿಂದ ಭಜನಿ ಶುರು."

ನಮ್ಮ ಕೇರಿಯ ಮಂದಿರದಲ್ಲಿ ಶನಿವಾರ ಸಂಜೆ ಭಜನೆ. ನೆಲಕ್ಕೆ ಟೈಲ್ಸ್ ಹಾಕುವ ಕೆಲಸ ನಡೆಯುತ್ತಿದ್ದುದರಿಂದ ಎರಡು ವಾರದಿಂದ ಭಜನೆ ನಿಂತಿತ್ತು. ಮೈಕ್‌ಸೆಟ್ಟಿನ ಉಸ್ತುವಾರಿ ಅಪ್ಪಯ್ಯನದ್ದು, ಹಾಗಾಗಿ ಮಂದಿರದ ದೊಡ್ಡ ಸ್ಪೀಕರ್ ಪೆಟ್ಟಿಗೆ ನಮ್ಮ ಮನೆಗೆ ಬಂದಿತ್ತು. ಫೋನಿಗೆ ನೆಟ್‌ವರ್ಕ್ ಸಿಗುವ ಒಂದೇ ಜಾಗವಾದ ಆ ಕಿಟಕಿಯ ಮೂಲೆಯಲ್ಲಿ ಅದನ್ನು ಮುಖ ಅಡಿಯಾಗಿ ಮಲಗಿಸಿದ್ದರು. ಮೇಲೆ ಅಮ್ಮ ಕಸೂತಿ ಬಟ್ಟೆ ಹಾಸಿದ್ದಳು. ಒಳ್ಳೆ ಮೇಜಿನ ಹಾಗೆ ಇದೆಯಲ್ಲ ಎಂದು, ಕಾಲು ಅಲ್ಲಾಡುವ ನನ್ನ ಟೀಪಾಯಿಯನ್ನು ಬಿಟ್ಟು, ಅಂದಿನಿಂದ ಅದರ ಮೇಲೇ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದೆ.

"ನೀವೂ ಒಂದ್ ಕೈ ಹಿಡಿನಿ ಕಾಂಬ," ಎಂದು ಅಪ್ಪಯ್ಯ ಕೀರ್ತನನಿಗೆ ಹೇಳಿದರು.

ಕೀರ್ತನ್ ಲ್ಯಾಪ್‌ಟಾಪನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟ. ಪರದೆ ಬೆಳಗಿತು. ದೋಣಿಗಳು ಬಂದವು.

ಅವನು ಬಗ್ಗಿ ಲ್ಯಾಪ್‌ಟಾಪನ್ನು ಮತ್ತೆ ಸ್ಪೀಕರಿನ ಮೇಲಿಟ್ಟ. ಕಪ್ಪು. ಎತ್ತಿದ. ದೋಣಿ. ಇಟ್ಟ. ಕಪ್ಪು. ಆಮೇಲೆ ಹಣೆಗೆ ಫಟ್ಟನೆ ಹೊಡೆದುಕೊಂಡ.

"ಮ್ಯಾಗ್ನೆಟ್! ಸ್ಪೀಕರ್ ಒಳಗ್ ಇಷ್ಟ್ ದೊಡ್ಡ ಮ್ಯಾಗ್ನೆಟ್ ಇರತ್ತ್. ಲ್ಯಾಪ್‌ಟಾಪ್ ಮುಚ್ಚಳದಂಗೂ ಸಣ್ಣದ್ ಒಂದಿತ್ತ್, ಅದ್ ಕೆಳಗ್ ಬಂದ್ರೆ ಮುಚ್ಚಿರ್ ಅಂದೇಳಿ ಮೆಶಿನ್ ಪರದಿ ಆರ್ಸತ್ತ್. ಇದ್ಕೆ ಮುಚ್ಚಳದ್ದ್ ಯಾವ್ದ್, ಸ್ಪೀಕರಿಂದ್ ಯಾವ್ದ್ ಗೊತ್ತಾಯ್ಲಿಲ್ಲ. ಥೋ! ಎಲ್ಲಿ ಇಟ್ಟ್ ಕೆಲ್ಸ ಮಾಡ್ತ್ರಿ ಅಂದ್ ಒಂದ್ ಮಾತ್ ಕೇಂಬ್ಲಾಗಿತ್ತ್ ನಂಗೆ."

"ಅಂದ್ರೆ ದೇವ್ರ್ ಸ್ಪೀಕರಿಗೆ ಇದ್ನ್ ಕಂಡ್ರೆ ಆತಿಲ್ಯಾ?" ಎಂದರು ಅಪ್ಪಯ್ಯ.

ನಾನು ನಗಲಿಲ್ಲ. ನಗುವಷ್ಟು ಹೊತ್ತು ಇರಲಿಲ್ಲ.

*

ಸ್ಪೀಕರನ್ನು ಮಂದಿರಕ್ಕೆ ಮುಟ್ಟಿಸಿ ಕೀರ್ತನ್ ವಾಪಸು ಬಂದ. ಬರಬೇಕಾಗಿರಲಿಲ್ಲ. ನಾನು ಮೂಲೆಯಲ್ಲಿ ಚಾಪೆ ಹಾಸಿಕೊಂಡು ಬರೆಯುತ್ತಿದ್ದೆ. ಅವನು ಎದುರು ಕೂತು, ನಾನು ಸಾಲು ಹೇಳಿದ ಹಾಗೆ ಮೊಬೈಲಿನಲ್ಲಿ ಸೆಕೆಂಡು ನೋಡಿ, "ಉದ್ದ ಆಯ್ತ್," "ಹ್ಞಾ, ಸಮ," ಎನ್ನುತ್ತಿದ್ದ. ಅಮ್ಮ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಒಂದು ಬಂಗುಡೆ ಸಾರಿಗೆ ಅಷ್ಟು ಹೊತ್ತು ಬೇಕೇ?

ಕೊನೆಯ ಸಾಲಿನಲ್ಲಿ ಸಿಕ್ಕಿಬಿದ್ದೆ. ರೈಲ್ವೆ ಸ್ಟೇಷನ್ನು, ಹುಡುಗಿ ಹೊರಟಿದ್ದಾಳೆ, ಹುಡುಗ ಹಿಂದಿಯಲ್ಲಿ ಚಂದ್ರ, ಸಮುದ್ರ, ಏಳು ಜನ್ಮ ಎಂದು ಏನೇನೋ ಹೇಳುತ್ತಿದ್ದಾನೆ. ಎಷ್ಟು ಕತ್ತರಿಸಿದರೂ ಉದ್ದ. ಐದೂವರೆ ದಾಟಿತ್ತು.

"ಎಂತ ಬರಿಲಿ ಇದ್ಕೆ? ಹೇಳಿ ಬೇಗ!"

"ಹೋಪುದ್ ಬ್ಯಾಡ ಅನ್ನಿ."

"ಅಷ್ಟೇಯಾ? ಅವ ಇಷ್ಟುದ್ದ ಹೇಳಿದ್ದ."

"ಅವ್ನಿಗೆ ಟೈಮ್ ಇತ್ತ್. ನಂಗಿಲ್ಲೆ." ಅವನು ಮೊಬೈಲನ್ನು ಕೆಳಗಿಟ್ಟಿದ್ದ. "ಹೋಪುದ್ ಬ್ಯಾಡ."

ಬೆರಳು ಕೀ ಮೇಲೆ ನಿಂತಿತು. ಅವನು ಪರದೆಯನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದ, ಹೆದರಿಕೊಂಡು, ಆದರೆ ಕಣ್ಣು ತೆಗೆಯದೆ. 'ಹೋಗಬೇಡ' ಎಂದು ಬರೆದೆ. ಕಳಿಸುವ ಬಟನ್ ಒತ್ತಿದೆ.

ಅಪ್‌ಲೋಡು ನಮ್ಮೂರಿನ ನೆಟ್‌ವರ್ಕಿಗೆ ತಕ್ಕ ಹಾಗೆ ಅಂಬೆಗಾಲಿಡುತ್ತಿತ್ತು.

"ಇನ್ನೊಂದ್ ಇತ್ತ್," ಎಂದ ಕೀರ್ತನ್. "ಸಿಟ್ಟ್ ಮಾಡುಕಾಗ. ಅಂಗಡಿಯಂಗೆ ಗಿರಾಕಿಗ್ ಬದ್ಲಿ ಕೊಡುವ ಲ್ಯಾಪ್‌ಟಾಪ್ ಒಂದ್ ಇತ್ತ್. ಎರಡನೇ ಸಲ ಬಂದಾಗ್ಳೇ ನಿಮ್ಗ್ ಕೊಡ್ಲಕ್ಕಿತ್ತ್. ಕೊಡ್ಲಿಲ್ಲ."

"ಎಂತಕೆ?"

"ಕೊಟ್ರೆ ನೀವ್ ಮತ್ತೆ ಬತ್ತಿರ್ಲಿಲ್ಲೆ."

"ನನ್ನ್ ಕೆಲ್ಸ ಹೋಪುದಿತ್ತ್! ನಾನ್ ಇಲ್ಲಿ ಅನ್ನ ನೀರ್ ಬಿಟ್ಟ್ ಕೂಕಂಡಿದ್ದೆ, ನೀವ್ ಅಲ್ಲಿ..." ನನಗೆ ಅವನ ಮೇಲೆ ನೀರು ಸುರಿಯಬೇಕು ಅನ್ನಿಸಿತು. ಅತ್ತುಬಿಡಬೇಕು ಅಂತಲೂ ಅನ್ನಿಸಿತು. ಕೊನೆಗೆ ಬಾಯಿಂದ ಬಂದದ್ದು ಮಾತ್ರ ಬೇರೆ. "ತ್ರಾಸಿಯಂಗೂ ಒಂದ್ ಲ್ಯಾಪ್‌ಟಾಪ್ ಅಂಗಡಿ ಇತ್ತ್."

"ಹ್ಞಾ?"

"ಬಸ್ ಅದ್ರ್ ಎದ್ರೇ ನಿಲ್ಲತ್ತ್. ದಿನಾ ಕಾಂತಿದ್ದೆ. ಇಳಿಲಿಲ್ಲ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆದ ಮೇಲೆ ಬಂದದ್ದು ಅರ್ಧ ನಗೆಯಲ್ಲ, ಪೂರಾ ನಗೆ. ನಾನು ಬೇಕೆಂದೇ ಗೋಡೆಯ ಕಡೆ ತಿರುಗಿ ಕೂತೆ. ಅಪ್‌ಲೋಡು ಮುಗಿದು ಹಸಿರು ಗುರುತು ಬಂದದ್ದನ್ನು ಮೊದಲು ನೋಡಿದವನು ಅವನೇ.

ಬಾಗಿಲಲ್ಲಿ ಅಪ್ಪಯ್ಯ ನಿಂತಿದ್ದರು. ಭಜನೆಗೆ ಹೊಸ ಪಂಚೆ ಉಟ್ಟಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ.

"ಹೋಯ್ತಾ?"

"ಹೋಯ್ತ್ ಅಪ್ಪಯ್ಯ. ಅವ್ರ್ ಕಂಡ್, ಕೆಲ್ಸ ಇತ್ತಾ ಇಲ್ಯಾ ಹೇಳ್ತ್ರಂಬ್ರ್."

ಅಪ್ಪಯ್ಯ ಕೀರ್ತನನ ಕಡೆ ತಿರುಗಿದರು. "ಲ್ಯಾಪ್‌ಟಾಪ್ ಸಮ ಆಯ್ತಲೆ. ಇನ್ ನೀವ್ ಬಪ್ಪುದ್ ಎಂತಕೆ?"

ಕೀರ್ತನ್ ಎದ್ದು ನಿಂತ. "ನಿಮ್ಗೆ ಅಡ್ಡಿಲ್ಲೆ ಅಂದ್ರೆ ನಾನ್ ನಮ್ಮಮ್ಮನ್ ಕರ್ಕಂಡ್ ಬತ್ತೆ. ಮಾತಾಡುಕೆ."

ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು. ಅಪ್ಪಯ್ಯ ನನ್ನನ್ನು ನೋಡಿದರು. ಇಷ್ಟು ವರ್ಷ ಅವರ ಮಾತಿಗೆ ನಾನು ಹೂಂ ಎಂದದ್ದೇ ಹೆಚ್ಚು. ಆ ದಿನ ಮಾತ್ರ ಹೇಳಿದೆ.

"ಅಪ್ಪಯ್ಯ, ನಾನ್ ಡೊಂಬಿವಿಲಿಗ್ ಹೋತಿಲ್ಲೆ. ಈ ಕೆಲ್ಸ ಸಿಕ್ರೂ ಅಷ್ಟೇ, ಸಿಕ್ದಿದ್ರೂ ಅಷ್ಟೇ. ಇದ್ ಅಲ್ದಿದ್ರೆ ಬೇರೆ ಮಾಡ್ತೆ. ನಂಗೆ ಇಲ್ಲೇ ಇರ್ಬೇಕ್. ಮತ್ತೆ... ಇವ್ರ್ ಅಮ್ಮನ್ ಕರ್ಕಂಡ್ ಬಂದ್ರೆ ನಂಗೆ ಖುಷಿ."

ಅಪ್ಪಯ್ಯನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಸ್ವರ್ಣಲತಾ ಚಿಕ್ಕಮ್ಮ. ಅವಳ ದನಿ ಯಾವಾಗಲೂ ಸ್ಪೀಕರಿಗೆ ಹಾಕದೆಯೇ ಮನೆಯವರಿಗೆಲ್ಲ ಕೇಳುತ್ತದೆ.

"ಎಂತ ಆಯ್ತ್ ಬಾವ? ರೈಲಿನ್ ಟಿಕೇಟ್ ಮಾಡ್ಕಾ?"

"ಬ್ಯಾಡ," ಎಂದರು ಅಪ್ಪಯ್ಯ.

"ಹಂಗಾರೆ ಅವ್ಳ್ ಕೆಲ್ಸ ಗಟ್ಟಿ ಆಯ್ತಾ?"

"ಕೆಲ್ಸದ್ದ್ ಇನ್ನೂ ಗೊತ್ತಿಲ್ಲೆ. ಅವ್ಳ್ ಬತ್ತಿಲ್ಲೆ."

ಆಚೆಯಿಂದ ಚಿಕ್ಕಮ್ಮ ಏನೇನೋ ಕೂಗತೊಡಗಿದಳು. ಅಪ್ಪಯ್ಯ ಫೋನನ್ನು ಕಿವಿಯಿಂದ ದೂರ ಹಿಡಿದು, ಇನ್ನೂ ನಿಂತೇ ಇದ್ದ ಕೀರ್ತನನಿಗೆ ಹೇಳಿದರು.

"ಕೂಕಣಿ. ಭಜನಿ ಮುಗ್ಸಿ ಬತ್ತೆ, ಒಟ್ಟಿಗ್ ಉಂಬ."